ಬಾಟಲಿಯೊಳಗಿನ ಅವಳಿ ತಂತಿ

ಬುಧವಾರ, ರಾತ್ರಿ ಎರಡೂವರೆ. ಗಾಜಿಗೆ ಉಗುರು ಬಡಿದಂಥ ಸದ್ದಿಗೆ ಎಚ್ಚರವಾಯಿತು.

ಕಪಾಟಿನ ಉಪ್ಪುನೀರಿನ ಬಾಟಲಿಯ ಸದ್ದು. ಮಗಳಿಗೆ ಪೇಸ್‌ಮೇಕರ್ ಹಾಕಿದ ವಾರ, ಅದರ ತಂತಿಗಳನ್ನು ತಯಾರಿಸುವ ಕಾರ್ಖಾನೆಯಲ್ಲೇ ಕೆಲಸ ಮಾಡುವ ನಮ್ಮ ಯಜಮಾನರು ಅಂಥದೇ ತಂತಿಯ ಒಂದು ತುಂಡನ್ನು, ಮೈಯೊಳಗಿನಂತೆಯೇ ಇರಲೆಂದು, ಈ ಉಪ್ಪುನೀರಿನಲ್ಲಿ ಮುಳುಗಿಸಿಟ್ಟಿದ್ದರು. "ಪುಟ್ಟಿ ಎದೇಲಿರೋದರ ಅವಳಿ ಕಣೇ. ಇದು ಹಾಳಾಗೋ ತನಕ ನೀನು ಹೆದರೋ ಹಾಗಿಲ್ಲ, ಪುಕ್ಕಲಿ!" ಎಂದು ನನ್ನನ್ನು ಛೇಡಿಸಿದ್ದರು.

ದೀಪ ಹಾಕಿದೆ. ತಂತಿಯ ಸಿಲಿಕೋನ್ ಹೊದಿಕೆ ಬಿರುಕು ಬಿಟ್ಟು ಒಳಗಿನ ಲೋಹ ಹೊಳೆಯುತ್ತಿದೆ. ಬ್ಯಾಟರಿಯೇ ಇಲ್ಲದ ತಂತಿ ಗಾಜನ್ನು ಬಡಿಯುತ್ತಲೇ ಇದೆ. ಪಕ್ಕದಲ್ಲಿ ಮಲಗಿದ್ದ ಮಗಳ ಎದೆ ಮುಟ್ಟಿ ನೋಡಿದೆ. ಎರಡೂ ಬಡಿತ ಒಂದೇ.

ಆಸ್ಪತ್ರೆಗೆ ಫೋನ್ ಮಾಡಿದರೆ, "ಮಗು ಆರಾಮಾಗಿದೆ ತಾನೇ? ಬೆಳಿಗ್ಗೆ ಬನ್ನಿ ಅಮ್ಮಾ" ಎಂದರು. ಯಜಮಾನರು ರಾತ್ರಿ ಪಾಳಿಯಲ್ಲಿದ್ದಾರೆ. ಕಾರ್ಖಾನೆಯೊಳಗೆ ಫೋನ್ ಒಯ್ಯುವಂತಿಲ್ಲ.

ಒಂದು ಕೈ ಮಗಳ ಎದೆಯ ಮೇಲಿಟ್ಟುಕೊಂಡೇ ಈ ಡೈರಿ ಬರೆಯುತ್ತಿದ್ದೇನೆ. ಈಗಷ್ಟೇ ಬಾಟಲಿಯಲ್ಲಿ ಒಂದು ಬಡಿತ ತಪ್ಪಿತು. ಎದೆಯಲ್ಲಿ ಇನ್ನೂ ತಪ್ಪಿಲ್ಲ. ರೀ, ಅವಳಿ ಅಂದದ್ದು ತಮಾಷೆಗೆ ಅಂತ ಒಂದು ಮಾತು ಹೇಳಿ. ದಮ್ಮಯ್ಯ, ಬೆಳಗಾಗುವ ಮೊದಲು ಫೋನ್ ಮಾಡಿ, ಬೆಳಗಾಗುವ ಮೊದಲು—