ಇಬ್ಬರಿಗೆ ಎರಡು ಅಳತೆ

ಅಕ್ಕಾ,

ಇಲ್ಲಿ ಅನ್ಯಾಯ ನಡೆದಿದೆ. ಪ್ರೊಫೆಸರರ ಸಿದ್ಧಾಂತಕ್ಕೆ ಒಂದು ಅಳತೆ, ನನ್ನ ಕೋಣೆಯ ಗೆಳತಿಯ ಸಿದ್ಧಾಂತಕ್ಕೆ ಇನ್ನೊಂದು! ನಮ್ಮ ಭೌತಶಾಸ್ತ್ರದಲ್ಲಿ ಸಿದ್ಧಾಂತವನ್ನು ಪರೀಕ್ಷಿಸಲು ಅದರ ಕಣಗಳ ಲೆಕ್ಕದಲ್ಲಿ ಒಂದು ಅಂಕಿಯನ್ನು ಚೂರು ಅಲುಗಿಸುತ್ತಾರೆ. ಉತ್ತರವೂ ಚೂರೇ ಅಲುಗಿದರೆ ಸಿದ್ಧಾಂತ ಸಹಜ, ಪಾಸು. ಅದರ ನೂರು ಪಟ್ಟು ಕುಣಿದರೆ, ಅಂಕಿಗಳನ್ನು ಬೇಕೆಂದೇ ಹೊಂದಿಸಿದ್ದೀರಿ ಎಂದು ಕಸದ ಬುಟ್ಟಿಗೆ. ಗೆಳತಿಯ ಅಂಕಿಗಳನ್ನೆಲ್ಲ ಅಲುಗಿಸಿದ ಪ್ರೊಫೆಸರರು ತಮ್ಮದರಲ್ಲಿ ಸಾಧುವಾದ ಒಂದನ್ನು ಮಾತ್ರ ಮುಟ್ಟಿದ್ದರು. ನಿನ್ನೆ ತುಂಬಿದ ಸಭೆಯಲ್ಲಿ ನಾನೇ ಬೋರ್ಡಿಗೆ ಹೋಗಿ ಅವರ ಇನ್ನೊಂದು ಅಂಕಿಯನ್ನು ಅಲುಗಿಸಿದೆ. ಉತ್ತರ ಒಂಬೈನೂರು ಪಟ್ಟು ಹಾರಿತು.

"ಏನಮ್ಮಾ, ಅದನ್ನ ಮುಟ್ಟು ಅಂತ ಯಾರು ಹೇಳಿದ್ರು?" ಅಂದರು.

"ಅದೇನು ನಿಮ್ಮನೆ ಅಳಿಯನಾ ಸರ್, ಮುಟ್ಟಿದ್ರೆ ಮುನಿಸ್ಕೊಳ್ಳೋಕೆ?" ಅಂದೆ.

ಸಭೆಯೆಲ್ಲ ನಕ್ಕಿತು, ಪ್ರೊಫೆಸರರೂ ಮೀಸೆಯಲ್ಲೇ ನಕ್ಕರು. ಶನಿವಾರ ಎರಡಕ್ಕೂ ಒಂದೇ ಅಳತೆ ಹಿಡಿಯುತ್ತಾರಂತೆ. ಸಮಾನತೆ ನಾವು ಹಂಚುವ ಕರಪತ್ರದಲ್ಲಿದ್ದರೆ ಸಾಲದು ಅಕ್ಕಾ, ಲೆಕ್ಕದಲ್ಲೂ ಬೇಕು. ಗೆಳತಿಯದು ಬಿದ್ದರೆ ಅವಳ ಸಂಶೋಧನೆ ಅಲ್ಲಿಗೆ ಮುಗಿಯಿತು, ಆದರೆ ನ್ಯಾಯವಾಗಿ ಬೀಳಲಿ.

ನನ್ನ ಕೆಮ್ಮು ಹೋಯಿತು, ಸಿಟ್ಟು ಮಾತ್ರ ಇದೆ. ಕಾರ್ಡಿನಲ್ಲಿ ಜಾಗವಿಲ್ಲ. ಶನಿವಾರ ರಾತ್ರಿಯ ಬಸ್ಸಿಗೆ ಊರಿಗೆ ಹೊರಡುತ್ತೇನೆ. ಬಸ್ಸಿನಿಂದ ನಾನೊಬ್ಬಳೇ ಇಳಿದರೆ ಅವಳು ಗೆದ್ದು ಇಲ್ಲೇ ಉಳಿದಳೆಂದು ತಿಳಿ; ಇಬ್ಬರೂ ಇಳಿದರೆ ಏನೂ ಕೇಳದೆ ಅವಳ ಚೀಲ ಹಿಡಿದುಕೋ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಿಲ್ದಾಣದಲ್ಲಿರು.

ನಿನ್ನ ತಂಗಿ