ಎಡ ಎದೆಯ ಪದಕಗಳು

ಟಾಮ್ಸಿನ್ ಪುಟ್ಟಿ,

ಯೋಧರ ನೆನಪಿನ ಆನ್‌ಜಾಕ್ ದಿನದ ಮೆರವಣಿಗೆಯವರಿಗೆ ಚಹಾ ಕಾಯಿಸಲು ನಾನು ಮುಂಚೆಯೇ ಹೊರಟಿದ್ದೇನೆ. ಬರುವಾಗ ಓಟ್ಸ್ ಬಿಸ್ಕತ್ತಿನ ಡಬ್ಬಿ ತಾ. ನಾಯಿಯನ್ನು ಒಳಗೇ ಕೂಡಿಹಾಕು, ತುತ್ತೂರಿ ಕೇಳಿದರೆ ಊಳಿಡುತ್ತದೆ.

ನಿನ್ನ ಕೋಟು ಕುರ್ಚಿಯ ಮೇಲಿದೆ. ಹೋದ ವರ್ಷದ ಮೆರವಣಿಗೆಯಲ್ಲಿ ನಮ್ಮೂರ ಮರ್ವಿನ್ ಪದಕ ಎಳೆದು ಕಿತ್ತ ಜಾಗವನ್ನು ಹೊಲಿದಿದ್ದೇನೆ. ಪದಕದ ರಿಬ್ಬನ್ನಿನ ರಕ್ತ ಹೋಗಲಿಲ್ಲ, ಹೊಸದು ಹಾಕಿದೆ. ಅದು ನೀನು ಮುರಿದ ಅವನ ಮೂಗಿನದೋ, ಪಿನ್ನು ಸೀಳಿದ ನಿನ್ನ ಎದೆಯದೋ, ಯಾರಿಗೆ ಗೊತ್ತು.

"ತಾತನ ಪದಕ ಬಲಗಡೆ ಹಾಕ್ಕೋಬೇಕು ಕಣೇ ಹುಡುಗಿ! ಎಡಗಡೆ ಏನಿದ್ರೂ ಯುದ್ಧ ಮಾಡಿ ಬಂದೋರಿಗೆ" ಅಂದನಲ್ಲ ಅವನು. "ಇವು ನನ್ನವೇ" ಅಂತ ನೀನು ಅಂದರೆ ನಕ್ಕು, ಕೈ ಹಾಕಿ ಎಳೆದ. ಅದಕ್ಕೇ ಈ ಸಲ ನಿನ್ನವನ್ನು ಪೆಟ್ಟಿಗೆಯಲ್ಲೇ ಬಿಟ್ಟು ತಾತನವನ್ನಷ್ಟೇ ಹಾಕಿಕೊಳ್ಳುತ್ತೇನೆ ಅಂದೆಯಲ್ಲ ನೀನು. ಬೇಡ. ತಾತ ಕೊರಿಯಾ ಯುದ್ಧದಲ್ಲಿ ಸಲಿಕೆಯಿಂದ ಒಬ್ಬನ ತಲೆ ಸೀಳಿ ಬಂದವರು. ಅವರ ಪದಕವನ್ನು ಒಬ್ಬರೂ ಪ್ರಶ್ನಿಸಲಿಲ್ಲ. ನೀನು ಅಫ್ಘಾನಿಸ್ತಾನದಲ್ಲಿ, ಬಾಂಬಿಗೆ ಹರಿದ ತೊಡೆಯೊಳಗೆ ಮುಷ್ಟಿ ತುರುಕಿ ಒಬ್ಬನ ಜೀವ ಹಿಡಿದು ಕೂತವಳು. ಎಡಗಡೆಯೇ ಹಾಕಿಕೊ.

ತಾತನವನ್ನು ಹುಡುಕಬೇಡ, ನನ್ನ ಬಲ ಎದೆಯ ಮೇಲಿವೆ. ಮೆರವಣಿಗೆಯಲ್ಲಿ ನಿನ್ನ ಪಕ್ಕದಲ್ಲೇ ನಡೆಯುತ್ತೇನೆ.

ಮರ್ವಿನ್ ಮತ್ತೆ ಕೈ ಚಾಚಿದರೆ ನೀನು ಹೊಡೆಯಬೇಡ. ಒಂದು ಸಲ ಪೊಲೀಸ್ ಠಾಣೆ ಕಂಡದ್ದು ಸಾಕು. ನನ್ನ ಊರುಗೋಲು ಗಟ್ಟಿಯಾಗಿದೆ. ಈ ಸಲ ಅವನ ಮೂಗು ನನ್ನ ಪಾಲಿಗೆ.

ಅಜ್ಜಿ