ಗದ್ದೆಗಿಳಿದವನ ವೀಸಾ

ಜೇಠ್ ೨೭, ಸಂಜೆ

ಜೀಪಿನ ಬ್ರೇಕ್ ಮತ್ತೆ ಕೈಕೊಟ್ಟಿತು. ಇಳಿಜಾರಲ್ಲಿ ಬಂಡೆಗೆ ಆನಿಸಿ ನಿಲ್ಲಿಸಿದೆ. ಮೆಕ್ಯಾನಿಕ್‌ಗೆ ಬೈದೆ. ಅವನೂ ಬೈದ. ಆಮೇಲೆ ಕೂತು ಸರಿ ಮಾಡಿದ.

ಮಧ್ಯಾಹ್ನ ತಿಲಸರಿಯನ್ನು ಕಾಲಿನ ಕಾರ್ಖಾನೆಗೆ ಹೊತ್ತೊಯ್ದೆ. ಬೋರ್ಡಿನಲ್ಲಿ ಸಂಸ್ಥೆಗೆ ಮಾರುದ್ದದ ಹೆಸರಿದೆ. ಕಾಲು ಕಳೆದುಕೊಂಡವರಿಗೆ ಪುಕ್ಕಟೆ ಕಾಲು ಮಾಡಿಕೊಡುವ ಜಾಗ, ಅಷ್ಟೆ. ಅಲ್ಲಿಯ ಡ್ರೈವರ್ ನಾನು. ಊರೂರಿನ ಕುಂಟರನ್ನು ತಂದು ಇಳಿಸಿದವನು ಸ್ವಂತ ಹೆಂಡತಿಯನ್ನೂ ಇಳಿಸಬೇಕಾಯಿತು. ಸಕ್ಕರೆ ಕಾಯಿಲೆ. ಅಂಗಾಲಿನ ಹುಣ್ಣು ಮಾಗಲಿಲ್ಲ. ಹೋದ ದಸೈಂ ಹಬ್ಬಕ್ಕೆ ಮೊದಲು ಬಲಗಾಲನ್ನು ಮಂಡಿಯ ಮೇಲಿಂದ ತೆಗೆದರು. ಅಂದಿನಿಂದ ಅಂಗಳಕ್ಕೂ ಅವಳು ನನ್ನ ಬೆನ್ನ ಮೇಲೆ.

ಕಾಲು ಮಾಡುವವನು ಬರಿಕಿ. ಎಲಿಬರಿಕಿ ಮ್ಟೂಯಿ. ಟಾಂಜಾನಿಯಾದವನು. ಎರಡು ವರ್ಷದ ಹಿಂದೆ ಬಂದಾಗ ನಮ್ಮೂರು ತಾನಸೇನ್‌ನ ಪೇಟೆಯೆಲ್ಲ ಬಾಗಿಲಿಗೆ ಬಂದು ನೋಡಿತ್ತು. ನಾನೂ ಬಾಯಿ ಬಿಟ್ಟು ನೋಡಿದ್ದೆ. ಈಗ ಅವನು ಬೀದಿಯಲ್ಲಿ ನಡೆದರೆ ನಾಲ್ಕು ಮನೆಯವರು ಚಹಕ್ಕೆ ಕರೆಯುತ್ತಾರೆ. ಮಂಡಿ ಮೇಲಿನ ಕಾಲು ಮಾಡಬಲ್ಲವನು ಈ ಪಾಲ್ಪಾ ಜಿಲ್ಲೆಗೆಲ್ಲ ಅವನೊಬ್ಬನೇ. ನಮ್ಮ ಹುಡುಗರು ಇನ್ನೂ ಕಲಿಯುತ್ತಿದ್ದಾರೆ.

ಬರಿಕಿ ಕಣ್ಣು ಮುಚ್ಚಿಕೊಂಡು ತಿಲಸರಿಯ ಮೋಟುಗಾಲನ್ನು ಕೈಯಿಂದ ನೋಡಿದ. ಎಮ್ಮೆಯ ಹೊಟ್ಟೆ ಮುಟ್ಟಿ ಕರು ಹೇಗಿದೆ ಎಂದು ನೋಡುವ ಹಾಗೆ.

"ಕಾಕಿ, ಹುಲ್ಲಿನ ಹೊರೆ ಹೊತ್ಕೊಂಡು ಏಳೋವಾಗ ಮೊದಲು ಯಾವ ಕಾಲು ಇಡ್ತಿದ್ರಿ?"

"ಎಡಗಾಲು."

"ಹೊರೆ ಇಲ್ದೆ ಇದ್ರೆ?"

ಅವಳು ಯೋಚಿಸಿದಳು. "ಆಗ ಬಲಗಾಲು."

ಮದುವೆಯಾಗಿ ಇಷ್ಟು ವರ್ಷ. ನನಗೆ ಗೊತ್ತಿರಲಿಲ್ಲ. ಕೇಳಬೇಕೆಂದೂ ತೋರಿರಲಿಲ್ಲ. ಅವನು ತಲೆಯಾಡಿಸಿ ಪ್ಲಾಸ್ಟರ್ ಅಚ್ಚು ತೆಗೆದ. ನಾನು ಹೊರಗೆ ಬಂದು ಜೀಪಿನ ಗಾಜು ಒರೆಸಿದೆ.

ಅಸಾರ್ ೧

ಬೆಳಿಗ್ಗೆಯೇ ತಲೆ ಕೆಟ್ಟಿತು. ಕಚೇರಿ ನೋಡಿಕೊಳ್ಳುವ ಅಂಬಿಕಾ ಬರಿಕಿಯನ್ನು ಕಾರ್ಯಾಗಾರದ ಬಾಗಿಲಲ್ಲೇ ತಡೆದಳು. ಅವನ ಕೆಲಸದ ವೀಸಾ ನಿನ್ನೆಗೆ ಮುಗಿಯಿತು. ಹೊಸದಕ್ಕೆ ಕಾಗದವೆಲ್ಲ ಕಾಠ್ಮಂಡುವಿಗೆ ಹೋಗಿದೆ. ಮೊದಲು ಒಂದು ಇಲಾಖೆಯ ಶಿಫಾರಸು, ಆಮೇಲೆ ವೀಸಾ ಕಚೇರಿಯ ಮುದ್ರೆ. ಎರಡೂ ಬಂದಿಲ್ಲ. ಅಲ್ಲಿಯವರೆಗೆ ದೇಶದಲ್ಲಿ ಇರಬಹುದು, ಕೆಲಸ ಮುಟ್ಟುವಂತಿಲ್ಲ.

"ಇರಬಹುದು, ಮುಟ್ಟಬಾರದು. ಇವನೇನು ಮೈಲಿಗೆ ಆದವನಾ?" ಎಂದೆ.

"ಕೂಗಾಡ್ಬೇಡಿ ಕಾಕಾ. ಕಾನೂನು ನಾನು ಬರ್ದಿದ್ದಾ?"

ತಿಲಸರಿಯ ಕಾಲು ಅರ್ಧ ಆಗಿದೆ. ಮೋಟುಗಾಲು ಕೂರುವ ಬಟ್ಟಲು ಎರಕವಾಗಿದೆ. ಮಂಡಿ ಇಲ್ಲ, ಪಾದ ಇಲ್ಲ. ಕಪಾಟಿನ ಮೇಲೆ ಬೋರಲು ಬಿದ್ದಿದೆ.

ಅಸಾರ್ ೬

ಬರಿಕಿ ದಿನಾ ಬರುತ್ತಾನೆ. ಹೊರಗಿನ ಬೆಂಚಿನ ಮೇಲೆ ಎರಡೂ ಕೈ ಕಂಕುಳಿಗೆ ಸೇರಿಸಿ ಕೂರುತ್ತಾನೆ. ಇವತ್ತು ಒಳಗೆ ಹುಡುಗ ಯಾರೋ ಉಳಿ ತಪ್ಪಾಗಿ ಹಿಡಿದ. ಕಿಟಕಿಯಲ್ಲಿ ನೋಡಿದವನ ಮೈಯೆಲ್ಲ ಎದ್ದಿತು. ಮತ್ತೆ ಕೂತ.

ಹತ್ತಿರ ಹೋಗಿ ಹೇಳಿದೆ. "ಮಂಡಿ ಸಾಮಾನು ಜೀಪಲ್ಲಿ ಮನೆಗೆ ತರ್ತೀನಿ. ಬಾಗಿಲು ಹಾಕ್ಕೊಂಡು ಮಾಡು. ಯಾವ ನಾಯಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ ಕಾಕಾ."

"ಧರ್ಮರಾಯ! ಅವಳು ತೆವಳ್ತಾ ಇರೋದು ಕಾಣಲ್ವಾ ನಿನಗೆ?"

ಆಗ ಹೇಳಿದ. ಹಿಂದೆ ಇನ್ನೊಂದು ದೇಶದಲ್ಲಿದ್ದನಂತೆ. ಜೊತೆಗಾರನೊಬ್ಬ ಮುದ್ರೆ ಬರುವ ಮೊದಲೇ ಕೆಲಸಕ್ಕೆ ಕೈ ಹಾಕಿದ. ಒಳ್ಳೆಯದಕ್ಕೇ. ಸಿಕ್ಕಿಬಿದ್ದ. ಅವನನ್ನು ಕಳಿಸಿದರು, ಕಾರ್ಯಾಗಾರಕ್ಕೂ ಬೀಗ ಬಿತ್ತು. ಕಿಟಕಿಯಿಂದ ಇಣುಕಿದರೆ ಅರ್ಧ ಆದ ಕಾಲುಗಳ ರಾಶಿ. ಅಳತೆ ಕೊಟ್ಟವರು ವಾರಗಟ್ಟಲೆ ಗೇಟಿನ ಹೊರಗೆ ಕೂತಿದ್ದರು.

"ಕಾಕಿಗೆ ಒಂದು ಕಾಲು ಕೊಡೋಕೆ ಹೋಗಿ ಪಾಲ್ಪಾದವರ ಕಾಲೆಲ್ಲ ಕಿತ್ಕೊಳ್ಳಲಾ?"

ಅವನು ಹೇಳಿದ್ದು ಸರಿ. ಅದಕ್ಕೇ ಇನ್ನೂ ಸಿಟ್ಟು ಬಂತು. ಎದ್ದು ಬಂದೆ.

ಅಸಾರ್ ೧೫, ಸಂಜೆ

ಕೈಯಲ್ಲಿ ಇನ್ನೂ ಕೆಸರಿದೆ. ಉಗುರಿನಿಂದ ಹೋಗುತ್ತಿಲ್ಲ.

ನಾಟಿ ಹಬ್ಬ, ನೆಡುತ್ತ ಒಬ್ಬರಿಗೊಬ್ಬರು ಕೆಸರು ಎರಚುವ ದಿನ. ನಮ್ಮ ಕೆಳಗದ್ದೆಗೆ ಇಡೀ ಕೇರಿ ಬಂದಿತ್ತು. ಇವತ್ತು ಬದುವಿನ ಮೇಲೆ ಒಣ ಬಟ್ಟೆಯಲ್ಲಿ ನಿಂತವನು ಮನುಷ್ಯನೇ ಅಲ್ಲ. ಬರಿಕಿಯನ್ನು ಬೆಂಚಿನಿಂದ ಎಬ್ಬಿಸಿ ಎಳೆದುಕೊಂಡು ಹೋದೆ. ಬದುವಿನ ಮೇಲೆ ನಿಂತುಬಿಟ್ಟ.

"ಕಾಕಾ, ಇದು ಕೆಲಸ ಅಲ್ವಾ?"

"ಕೆಲಸವಂತೆ! ಇದು ಹಬ್ಬ ಕಣೋ!" ಎಂದು ಬೆನ್ನಿಗೆ ಕೈ ಕೊಟ್ಟು ನೂಕಿದೆ. ಮಂಡಿಯವರೆಗೆ ಹೂತುಹೋದ.

ನೆಟ್ಟ. ಅದನ್ನು ನೆಡುವುದು ಎನ್ನಬೇಕೇ... ಹಾವು ಹರಿದ ಹಾಗಿತ್ತು ಸಾಲು. ಹೆಂಗಸರಿಗೆ ಅಷ್ಟು ಸಾಕಾಯಿತು. ಅಲ್ಲೇ ಹಾಡು ಕಟ್ಟಿದರು: "ನೆಟ್ಟ ಸಾಲು ನೆಟ್ಟಗಿಲ್ಲ, ನೆಟ್ಟೋನಿಗೆ ನಾಚ್ಕೆ ಇಲ್ಲ!" ಅವನೂ ಜೊತೆಗೆ ಹಾಡಿದ. ಅರ್ಥ ಆಗಿತ್ತೋ ಇಲ್ಲವೋ.

ತಿಲಸರಿಯನ್ನು ಕುರ್ಚಿ ಹಾಕಿ ಬದುವಿನ ಮೇಲೆ ಕೂರಿಸಿದ್ದೆ. ಯಾರೂ ಅವಳತ್ತ ಕೆಸರು ಎರಚಲಿಲ್ಲ. ಪಾಪ ಎಂದು. ಅವಳ ಮುಖ ಸಣ್ಣಗಾಗುತ್ತಿತ್ತು. ಬರಿಕಿ ನೋಡಿದ. ಎರಡು ಕೈ ತುಂಬ ಕೆಸರು ಬಾಚಿ ತಂದು ಅವಳ ತಲೆಯ ಮೇಲೇ ಸುರಿದ. ಆಮೇಲೆ ಅವಳ ನಗು. ಕಾಲು ಹೋದ ಮೇಲೆ ಆ ನಗು ಕೇಳಿರಲಿಲ್ಲ. "ಏಯ್ ದಾಂಡಿಗ, ಕಾಲು ಬರ್ಲಿ, ಅಟ್ಟಿಸ್ಕೊಂಡು ಬಂದು ಹೊಡೀತೀನಿ!"

ಎಲ್ಲರಿಗೂ ಮೊಸರು ಅವಲಕ್ಕಿ. ಅವನು ಎರಡು ಬಟ್ಟಲು ತಿಂದ. ನನ್ನ ತಂಗಿಯ ಮಗ ಫೋನಿನಲ್ಲಿ ವಿಡಿಯೋ ಮಾಡಿದ.

ಅಸಾರ್ ೧೮

ಆ ಫೋನನ್ನು ಕಲ್ಲಿಗೆ ಅಪ್ಪಳಿಸಬೇಕು.

ವಿಡಿಯೋ ಊರೆಲ್ಲ ಸುತ್ತಿ ಕಾಠ್ಮಂಡು ಮುಟ್ಟಿದೆ. ಯಾರೋ ಪುಣ್ಯಾತ್ಮ ಮೇಲೆ ಬರೆದಿದ್ದಾನೆ: ಪಾಲ್ಪಾದ ಗದ್ದೆಯಲ್ಲಿ ವಿದೇಶಿ ಕೂಲಿ, ಕೇಳುವವರಿಲ್ಲ. ವೀಸಾ ಕಚೇರಿಗೆ ದೂರು ಹೋಗಿದೆ. ಕಡತ ನಿಂತಿದೆ. ಖುದ್ದು ಬಂದು ಉತ್ತರ ಕೊಡಬೇಕಂತೆ. ಇಲ್ಲವೆಂದರೆ ದೇಶ ಬಿಡಬೇಕು.

ಅಂಬಿಕಾ ನನ್ನೆದುರು ನಿಂತು ಕಿರುಚಿದಳು. "ಅನುಮತಿ ಇಲ್ದೋನನ್ನ ಗದ್ದೆಗೆ ಇಳಿಸಿದ್ರಲ್ಲ ಕಾಕಾ, ಬುದ್ಧಿ ಎಲ್ಲಿಟ್ಟಿದ್ರಿ?"

"ಅಸಾರ್ ಹದಿನೈದನ್ನ ಕೆಲಸ ಅಂತ ಯಾರು ಅಂದ್ಕೋತಾರೆ? ನೀನೂ ಇದ್ಯಲ್ಲ ಅಲ್ಲಿ, ಮೂಗಿನವರೆಗೆ ಕೆಸರು ಮೆತ್ಕೊಂಡು!"

ಅವಳಿಗೂ ಹೊಳೆದಿರಲಿಲ್ಲ. ಹೊಳೆದಿದ್ದು ಹೊರಗಿನಿಂದ ಬಂದ ಅವನೊಬ್ಬನಿಗೆ. ನೂಕಿದವನು ನಾನು.

ತಿಲಸರಿಗೆ ಹೇಳಿದೆ. ಕಾಲಿನ ಮಾತೇ ಎತ್ತಲಿಲ್ಲ ಅವಳು. "ಅವನನ್ನ ಕಳಿಸ್ಬಿಡ್ತಾರಾ?" ಎಂದಷ್ಟೇ ಕೇಳಿದಳು.

ಅಸಾರ್ ೨೨, ಕಾಠ್ಮಂಡು

ಬರಿಕಿಯನ್ನೂ ಅಂಬಿಕಾಳನ್ನೂ ಕೂರಿಸಿಕೊಂಡು ನಾನೇ ಜೀಪು ಓಡಿಸಿದೆ. ದಾರಿಯಲ್ಲಿ ಮಣ್ಣು ಕುಸಿದು ಅರ್ಧ ದಿನ ಹೋಯಿತು.

ನಗರಕ್ಕೆ ಬಂದಾಗ ಬೆಳಗಾಗಿತ್ತು. ಒಂದು ಕಚೇರಿಯ ಗೋಡೆಯುದ್ದಕ್ಕೂ ನಮ್ಮ ಹುಡುಗರು, ಅರಬ್ ದೇಶಕ್ಕೆ ಹೋಗಲು ಕಾಗದ ಹಿಡಿದು ಸಾಲಾಗಿ. ಕೆಲವರಿಗೆ ಮೀಸೆ ಇನ್ನೂ ಮೂಡಿಲ್ಲ. ಅದು ದಿನಾ ಇರುವ ಸಾಲು. ನೋಡಿ ನೋಡಿ ಕಣ್ಣಿಗೆ ಕಾಣುವುದೇ ಇಲ್ಲ.

ವೀಸಾ ಕಚೇರಿಯೊಳಗೆ ಇನ್ನೊಂದು ಸಾಲು. ಇದನ್ನು ನಾನು ಎಂದೂ ನೋಡಿರಲಿಲ್ಲ. ಬಿಳಿ ಕೂದಲಿನ ಮುದುಕಿ, ಕಣ್ಣಿನ ಡಾಕ್ಟರಂತೆ, ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಜಪಾನಿನ ಹುಡುಗಿಯೊಬ್ಬಳು, ಕಿವುಡು ಮಕ್ಕಳಿಗೆ ಕಲಿಸುವವಳು. ಫಿಲಿಪೈನ್ಸಿನ ಸೂಲಗಿತ್ತಿ, ಮಡಿಲಲ್ಲಿ ಕಡತ, ಕಡತದ ಮೇಲೆ ಊಟದ ಡಬ್ಬಿ. ಎಲ್ಲರೂ ಎಲ್ಲೆಲ್ಲಿಂದಲೋ ಬಂದವರು. ನಮ್ಮವರ ಕಣ್ಣು ಒರೆಸಲು, ನಮ್ಮವರ ಹೆರಿಗೆ ಮಾಡಿಸಲು ಅಪ್ಪಣೆ ಕೊಡಿ ಎಂದು ಕಾದು ಕೂತಿದ್ದಾರೆ. ಹೆಸರು ಕೂಗಿದರೆ ಶಾಲೆಯ ಮಕ್ಕಳ ಹಾಗೆ ಎದ್ದು ಓಡುತ್ತಾರೆ.

ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತೆ. ನನ್ನ ತಲೆಯ ಟೋಪಿ ಯಾವಾಗ ಕೈಗೆ ಬಂತೋ.

ಚಿಕ್ಕ ಅಧಿಕಾರಿ, ಇಸ್ತ್ರಿ ಮಾಡಿದ ಅಂಗಿಯವನು, ವಿಡಿಯೋ ಹಾಕಿದ. ಬಾಯಲ್ಲಿ ಮಾತ್ರ ನನಗೆ ದಾಯಿ, ಅಂದರೆ ಅಣ್ಣ, ಎಂದ.

"ದಾಯಿ, ಗದ್ದೆ ನಿಮ್ದಾ? ಇವರಿಗೆ ಕೂಲಿ ಏನು ಕೊಟ್ರಿ?"

"ಕೂಲಿ ಯಾವನು ಕೊಡ್ತಾನೆ? ಮೊಸರು ಅವಲಕ್ಕಿ ಕೊಟ್ಟೆ."

ಅವನು ಬರೆದುಕೊಂಡ. "ಊಟದ ರೂಪದಲ್ಲಿ ಕೂಲಿ..."

ನನಗೆ ತಲೆಗೇರಿತು. ಮೇಜು ಗುದ್ದಿದೆ. "ನಿಮ್ಮಪ್ಪನ ಮನೇಲಿ ಹಬ್ಬದ ಊಟಕ್ಕೆ ಕೂಲಿ ಅಂತಾರಾ?" ಅಂಬಿಕಾ ನನ್ನ ಅಂಗಿ ಹಿಡಿದು ಜಗ್ಗಿದಳು. ಗದ್ದಲಕ್ಕೆ ಒಳಕೋಣೆಯಿಂದ ಹಿರಿಯ ಅಧಿಕಾರಿ ಬಂದಳು. ಹೆಂಗಸು. ಮಾತಿನಲ್ಲೇ ಗೊತ್ತಾಯಿತು, ಸ್ಯಾಂಗ್ಜಾ ಕಡೆಯವಳು. ನಮ್ಮ ಪಕ್ಕದ ಜಿಲ್ಲೆ. ನಿಂತೇ ವಿಡಿಯೋ ನೋಡಿದಳು. ಇನ್ನೊಮ್ಮೆ ಹಾಕಿಸಿದಳು.

"ಈ ಸಾಲು ಯಾರು ನೆಟ್ಟಿದ್ದು?"

ಬರಿಕಿ ಎದ್ದು ನಿಂತ. "ನಾನು ಮೇಡಂ. ಕೆಲಸ ಅಂತ ಅನುಮಾನ ಬಂದಿತ್ತು. ಆದ್ರೂ ಇಳಿದೆ. ತಪ್ಪು ನಂದೇ."

ನೂಕಿದ್ದು ನಾನು ಎಂದು ಅವನು ಹೇಳಲಿಲ್ಲ. ನಾನೇ ಹೇಳಿದೆ.

ಅವಳು ನನ್ನತ್ತ ತಿರುಗಿದಳು. "ಇದನ್ನ ಹಾಗೇ ಬಿಟ್ರಾ ದಾಯಿ?"

"ಬಿಡೋದಾ? ಮಾರನೇ ದಿನ ಪೂರ್ತಿ ಕಿತ್ತು ಮತ್ತೆ ನೆಟ್ವಿ. ಎರಡಾಳು ಹೆಚ್ಚು ಬೇಕಾಯ್ತು."

"ಹಾಗಾದ್ರೆ ಇವರು ಕೆಲಸ ಮಾಡ್ಲಿಲ್ಲ. ನಿಮಗೆ ಕೆಲಸ ಕೊಟ್ರು." ಚಿಕ್ಕವನಿಗೆ ಹೇಳಿದಳು: "ಹಬ್ಬದಲ್ಲಿ ಪಾಲ್ಗೊಂಡಿದ್ದಾರೆ ಅಂತ ಬರಿ. ನೀನು ಗದ್ದೆ ನೋಡಿದ್ದೀಯೇನಪ್ಪ?" ಅವನು ಕಿವಿಯವರೆಗೆ ಕೆಂಪಾದ.

ದೂರು ಮುಚ್ಚಿತು. ಆದರೆ ಶಿಫಾರಸು ಬರದೆ ಮುದ್ರೆ ಹಾಕಲಾರೆ ಎಂದಳು. ನನ್ನ ಹೆಂಡತಿಯ ಕಾಲು ಎಂದು ಶುರುಮಾಡಿದೆ. ಕೈಯೆತ್ತಿ ತಡೆದಳು. "ದಾಯಿ, ಹೊರಗೆ ಕೂತಿರೋ ಪ್ರತಿಯೊಬ್ಬರ ಹಿಂದೆ ಯಾರದೋ ಹೆಂಡತಿ ಕಾಯ್ತಿದ್ದಾಳೆ."

ಟೋಪಿ ಹಿಡಿದುಕೊಂಡೇ ಹೊರಗೆ ಬಂದು ಜೀಪು ತಿರುಗಿಸಿದೆ.

ಸಾವನ್ ೯

ಮುದ್ರೆ ಬಂತು. ಅಂಬಿಕಾ ಫೋನಿನಲ್ಲಿ ಹೇಳುವಾಗ ಬರಿಕಿ ನಮ್ಮನೆಯಲ್ಲಿ ಊಟಕ್ಕೆ ಕೂತಿದ್ದ. ತಟ್ಟೆ ಬಿಟ್ಟು ಎದ್ದ. ಇಳಿಜಾರಿನಲ್ಲಿ ಎಂಜಲು ಕೈಯಲ್ಲೇ ಓಡಿದ. ನಾನು ತಿಲಸರಿಯನ್ನು ಜೀಪಿಗೆ ಹತ್ತಿಸಿ ಹಿಂದೆ ಹೋಗುವಷ್ಟರಲ್ಲಿ ಒಳಗೆ ಎಲ್ಲ ದೀಪ ಹತ್ತಿತ್ತು.

ಆ ಬಟ್ಟಲನ್ನು ಅವಳ ಮೋಟುಗಾಲಿಗೆ ಹಿಡಿದ. ಸಡಿಲ. ಬೆರಳು ಆಡುತ್ತಿತ್ತು ನಡುವೆ. ಕಾದ ದಿನಗಳಲ್ಲಿ ಮಾಂಸ ಇಳಿದಿದೆ.

"ಕಾಕಿ, ಇದು ಆಗಲ್ಲ."

ನಾನು ಬಾಯಿ ತೆರೆದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಮುಚ್ಚಿದೆ. "ಆಗದಿದ್ರೆ ಬಿಸಾಕಪ್ಪ. ಹೊಸದು ಮಾಡು" ಎಂದಳು, ಹಳಸಿದ ಅನ್ನ ಚೆಲ್ಲು ಎನ್ನುವ ಹಾಗೆ.

ಕಣ್ಣು ಮುಚ್ಚಿ ಮೊದಲಿಂದ ಮುಟ್ಟತೊಡಗಿದ. ಬಾಗಿಲಲ್ಲಿ ನಮ್ಮ ಹುಡುಗರೆಲ್ಲ ಅವನ ಬೆರಳು ನೋಡುತ್ತ ನಿಂತಿದ್ದರು. ನಾನೂ.

ಸಾವನ್ ೨೬, ಬೆಳಿಗ್ಗೆ

ವಾರವಿಡೀ ಕಾರ್ಯಾಗಾರದಲ್ಲಿ ಹೊಸ ಕಾಲಿಗೆ ಎರಡು ಕಂಬಿಗಳ ನಡುವೆ ಅಭ್ಯಾಸ. ಬಿದ್ದಳು. ಬೈದಳು. ನಾನು ಹಿಡಿಯಲು ಹೋದರೆ ಬರಿಕಿ ನನ್ನನ್ನೇ ಹಿಡಿದುಕೊಳ್ಳುತ್ತಿದ್ದ. ನಿನ್ನೆ ಕಾಲು ಮನೆಗೆ ಬಂದಿತು. ಬಾಗಿಲ ಮೂಲೆಯಲ್ಲಿ ಚಪ್ಪಲಿ ಹಾಕಿಕೊಂಡೇ ನಿಂತಿತ್ತು.

ನಾನು ಅಂಗಳದ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಚಹ ಇನ್ನೂ ಆಗಿಲ್ಲ. ಒಳಗೆ ಪಟ್ಟಿ ಬಿಗಿಯುವ ಸದ್ದು. ನೆರವಿಗೆ ಬರಬೇಡ ಎಂದಿದ್ದಾಳೆ. ಹೋಗಿಲ್ಲ. ಬೆನ್ನಿಗೆ ಅಭ್ಯಾಸವಾಗಿದೆ ಅವಳ ಭಾರ, ಬೆಳಗಾದರೆ ತಾನೇ ಬಾಗುತ್ತದೆ.

ಲೋಟದ ಸದ್ದು. ಈಗ ಕರೆಯುತ್ತಾಳೆ.

ಇಲ್ಲ. ಕರೆಯುತ್ತಿಲ್ಲ. ಹೊಸ್ತಿಲ ಹತ್ತಿರ ಒಂದು ಹೆಜ್ಜೆ ಮೆತ್ತಗೆ. ಇನ್ನೊಂದು ಟಕ್ ಎಂದು. ಮತ್ತೆ ಮೆತ್ತಗೆ. ತಲೆ ಎತ್ತುವ ಧೈರ್ಯ ಬರುತ್ತಿಲ್ಲ, ಎತ್ತಿದರೆ ಎಲ್ಲಿ ನಿಂತುಬಿಡುತ್ತದೋ ಎಂದು... ಟಕ್. ಚಹದ ವಾಸನೆ ಹತ್ತಿರ ಬಂತು. ಎರಡೂ ಲೋಟ ಅವಳೇ ಹಿಡಿದು—